ಬೀಗ ಬಿದ್ದದ್ದು ಅಂಗಡಿಗೆ, ಗಾಂಜಾಕ್ಕಲ್ಲ

ಅಮೆರಿಕದ ಕೊಲರಾಡೊದಲ್ಲಿ ಮೋಜಿಗಾಗಿ ಗಾಂಜಾ ಮಾರುವ ಅಂಗಡಿಗಳು ಕಾನೂನುಬದ್ಧವಾಗಿ ಬಾಗಿಲು ತೆರೆದದ್ದು 2014ರ ಜನವರಿ 1ರಂದು. ಅಂಗಡಿ ಬೇಕೋ ಬೇಡವೋ ಎಂಬ ತೀರ್ಮಾನವನ್ನು ಮಾತ್ರ ಆಯಾ ಊರುಗಳಿಗೇ ಬಿಡಲಾಗಿತ್ತು. ರಾಜ್ಯದ ಎರಡನೇ ದೊಡ್ಡ ನಗರ ಕೊಲರಾಡೊ ಸ್ಪ್ರಿಂಗ್ಸ್ ಬೇಡವೆಂದಿತು. ಮಗ್ಗುಲಲ್ಲೇ ವಾಯುಪಡೆ ಅಕಾಡೆಮಿ, ಸೇನಾನೆಲೆ. ಊರು ತುಂಬ ಚರ್ಚುಗಳು. ಮಕ್ಕಳು ಹಾಳಾಗುತ್ತಾರೆಂಬ ಮಾತಿಗೆ ಅಲ್ಲಿ ತೂಕ ಹೆಚ್ಚು. 2022ರಲ್ಲಿ ಮತದಾರರೂ ಬೇಡವೆಂದರು. 2024ರ ನವೆಂಬರ್‌ನಲ್ಲಿ ಅದೇ ಮತದಾರರು ಮನಸ್ಸು ಬದಲಿಸಿದರು. 2025ರ ಏಪ್ರಿಲ್‌ನಲ್ಲಿ ಮಾರಾಟ ಶುರುವಾಯಿತು.

ಅಷ್ಟು ವರ್ಷಗಳ ನಿಷೇಧ ಕಾಪಾಡಿದ್ದು ಏನನ್ನು? ಪಕ್ಕದಲ್ಲೇ, ಪೈಕ್ಸ್ ಪೀಕ್ ಬೆಟ್ಟದ ಬುಡದಲ್ಲಿ ಮ್ಯಾನಿಟೊ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಐದು ಸಾವಿರದ ಆಸುಪಾಸು, ಗಾಂಜಾ ಅಂಗಡಿ ಎರಡು. ನೆರೆಯ ದೊಡ್ಡ ನಗರದ ಗಿರಾಕಿಗಳು ಅಲ್ಲಿಗೆ ಹೋದರು. ತೆರಿಗೆಯೂ ಅವರ ಹಿಂದೆಯೇ ಹೋಯಿತು. ಅದೂ ಸಾಲದೆಂಬಂತೆ, ‘ಔಷಧ’ದ ಹೆಸರಿನಲ್ಲಿ ಗಾಂಜಾ ಮಾರುವ ಹತ್ತಾರು ಅಂಗಡಿಗಳು ಕೊಲರಾಡೊ ಸ್ಪ್ರಿಂಗ್ಸ್‌ನ ಒಳಗೇ ನಡೆಯುತ್ತಿದ್ದವು. ಇದನ್ನು ನಿಷೇಧ ಎನ್ನುವುದಕ್ಕಿಂತ ನಿಷೇಧದ ನಾಟಕ ಎನ್ನುವುದೇ ಸರಿ.

ಹದಿಹರೆಯದವರ ಲೆಕ್ಕವೂ ಭಯಪಟ್ಟ ದಿಕ್ಕಿನಲ್ಲಿ ಸಾಗಲಿಲ್ಲ. ಕೊಲರಾಡೊ ಆರೋಗ್ಯ ಇಲಾಖೆಯ ಸಮೀಕ್ಷೆಯಲ್ಲಿ, ಹಿಂದಿನ ಮೂವತ್ತು ದಿನಗಳಲ್ಲಿ ಗಾಂಜಾ ಸೇವಿಸಿದ್ದೆವೆಂದ ಹೈಸ್ಕೂಲ್ ವಿದ್ಯಾರ್ಥಿಗಳು 2013ರಲ್ಲಿ ಸುಮಾರು ಶೇ 20. 2019ರಲ್ಲೂ ಹೆಚ್ಚುಕಡಿಮೆ ಅಷ್ಟೇ. 2023ರಲ್ಲಿ ಸುಮಾರು ಶೇ 13. ಇಳಿಕೆಗೆ ಅಂಗಡಿಗಳೇ ಕಾರಣ ಎಂದರೆ ಅದು ವ್ಯಾಪಾರಿಗಳ ಜಾಣತನ. ನಡುವೆ ಕೋವಿಡ್ ಬಂತು, ಶಾಲೆಗಳು ಮುಚ್ಚಿದವು, ಗೆಳೆಯರ ಗುಂಪುಗಳು ಚದುರಿದವು. ಆದರೂ ಅಂಗಡಿ ತೆರೆದೊಡನೆ ಪೀಳಿಗೆಯೇ ಹಾಳಾಗುತ್ತದೆ ಎಂಬ ವಾದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಹಾಗೆಂದು ಬೀಗುವಂತಿಲ್ಲ.

2014ರ ಮಾರ್ಚ್‌ನಲ್ಲಿ ಡೆನ್ವರ್ ನೋಡಲು ಬಂದಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬ ಗಾಂಜಾ ಬೆರೆಸಿದ ಕುಕಿ ತಿಂದ. ಅಂಗಡಿಯಲ್ಲಿ ಕೊಂಡವನು 21 ದಾಟಿದ ಗೆಳೆಯ. ಅಲ್ಲಿ ಕಾನೂನು ಮುರಿದಿರಲಿಲ್ಲ. ಆರು ತುಂಡು ಮಾಡಿ ಒಂದೊಂದೇ ತಿನ್ನಬೇಕೆಂದು ಅಂಗಡಿಯವರು ಹೇಳಿಯೂ ಇದ್ದರು. ಒಂದು ತುಂಡು ತಿಂದು ಅರ್ಧ ಗಂಟೆ ಕಳೆದರೂ ಏನೂ ಆಗಲಿಲ್ಲವೆಂದು ಹುಡುಗ ಉಳಿದದ್ದನ್ನೂ ತಿಂದುಬಿಟ್ಟ. ಹೊಟ್ಟೆಗೆ ಹೋದ ಗಾಂಜಾದ ಮತ್ತು ಸೇದಿದಾಗಿನಂತೆ ತಕ್ಷಣ ಏರುವುದಿಲ್ಲ, ಏರಿದರೆ ಬೇಗ ಇಳಿಯುವುದೂ ಇಲ್ಲ. ಆತ ಹೋಟೆಲಿನ ಬಾಲ್ಕನಿಯಿಂದ ಹಾರಿ ಸತ್ತ.

ಆಮೇಲೆ ನಿಯಮಗಳು ಬಿಗಿಯಾದವು. ಮತ್ತೇರಿಸುವ ಟಿಎಚ್‌ಸಿ ಪೊಟ್ಟಣಕ್ಕೆ 100 ಮಿಲಿಗ್ರಾಂ ದಾಟಬಾರದೆಂಬ ಮಿತಿ ಮೊದಲೇ ಇತ್ತು; 10 ಮಿಲಿಗ್ರಾಂನ ಒಂದೊಂದು ತುಂಡೂ ಬೇರೆಬೇರೆಯಾಗಿ ಕಾಣುವಂತಿರಬೇಕು ಎಂದಾಯಿತು. ತಿನಿಸಿನ ಮೇಲೆಯೇ ಎಚ್ಚರಿಕೆಯ ಗುರುತಿರಬೇಕು. ಕರಡಿ, ಹಣ್ಣುಗಳ ಆಕಾರದ ಗಮ್ಮಿ ಮಿಠಾಯಿಗಳನ್ನು 2017ರಲ್ಲಿ ನಿಷೇಧಿಸಿದರು. ಮಿಠಾಯಿಯಂತೆ ಕಾಣುವುದನ್ನು ಮಕ್ಕಳು ಮಿಠಾಯಿಯೆಂದೇ ತಿನ್ನುತ್ತಾರೆಂಬುದು ಹೊಳೆಯಲು ಮೂರು ವರ್ಷಕ್ಕೂ ಹೆಚ್ಚು ಬೇಕಾಯಿತು! ಇಡೀ ಅಮೆರಿಕದಲ್ಲಿ, ಇಂಥ ತಿನಿಸು ತಿಂದ ಆರು ವರ್ಷದೊಳಗಿನ ಮಕ್ಕಳ ಬಗ್ಗೆ ವಿಷ ನಿಯಂತ್ರಣ ಕೇಂದ್ರಗಳಿಗೆ 2017ರಲ್ಲಿ ಬಂದ ವರದಿ 207, 2021ರಲ್ಲಿ 3,054.

ಇನ್ನೊಂದು ಆತಂಕ ಮಾಲಿನ ಕಡುತನದ್ದು. 1990ರ ದಶಕದ ನಡುವಿನಲ್ಲಿ ಅಮೆರಿಕದ ಪೊಲೀಸರು ಹಿಡಿದ ಗಾಂಜಾದಲ್ಲಿ ಟಿಎಚ್‌ಸಿ ಶೇ 4ರಷ್ಟಿತ್ತು. ಈಗ ಅಂಗಡಿಯ ಮೊಗ್ಗಿನಲ್ಲಿ ಶೇ 20ರ ಆಸುಪಾಸು. ವೇಪ್‌ಗೆ ತುಂಬುವ ಸಾರದಲ್ಲಿ ಶೇ 60ರಿಂದ 90. ಅಪ್ಪ ಕಾಲೇಜಿನಲ್ಲಿ ಸೇದಿದ್ದಕ್ಕೂ ಮಗ ಇಂದು ಎಳೆಯುವುದಕ್ಕೂ ಹೆಸರೊಂದೇ ಸಮಾನ. ವರ್ಮಾಂಟ್ ಮೊಗ್ಗಿಗೆ ಶೇ 30, ಘನರೂಪದ ಸಾರಕ್ಕೆ ಶೇ 60ರ ಮಿತಿ ಹಾಕಿದೆ. ಕೊಲರಾಡೊ 2021ರಲ್ಲಿ ‘ಔಷಧ’ದ ಗಿರಾಕಿಗಳಿಗೆ ದಿನಕ್ಕೆ ಮಾರಬಹುದಾದ ಸಾರದ ಪ್ರಮಾಣವನ್ನು 40 ಗ್ರಾಂನಿಂದ 8ಕ್ಕೆ ಇಳಿಸಿತಷ್ಟೇ.

ಕರ್ನಾಟಕದಿಂದ ಅಲ್ಲಿಗೆ ಓದಲು ಹೋಗುವವರಿಗೆ ಇಲ್ಲಿ ಬೇರೆಯೇ ಬಲೆಯೊಂದಿದೆ. ರಾಜ್ಯ ಒಪ್ಪಿದರೂ ವೀಸಾ ನಡೆಯುವುದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನ ಮೇಲೆ; ಅದು ಗಾಂಜಾವನ್ನು ಒಪ್ಪಿಲ್ಲ. ಸೇವಿಸಿದ್ದೇನೆ ಎಂದು ಒಪ್ಪಿಕೊಂಡರೂ ಆ ದೇಶದ ಬಾಗಿಲು ಮುಚ್ಚಬಹುದು.

ಇದನ್ನೆಲ್ಲ ತೂಗಿ ನೋಡಿದರೆ, ನಗರಗಳು ಅಂಗಡಿಗೆ ಅವಕಾಶ ಕೊಡಲಿ, ಆದರೆ ಜಿಪುಣತನದಿಂದ. ಎಷ್ಟು ಅಂಗಡಿ, ಶಾಲೆಯಿಂದ ಎಷ್ಟು ದೂರ, ಎಷ್ಟು ಹೊತ್ತಿನವರೆಗೆ ಎಂಬುದು ನಗರಾಡಳಿತದ ಕೈಯಲ್ಲಿದೆ. ಪರವಾನಗಿ ಉಳಿಸಿಕೊಳ್ಳಬೇಕಾದ ಅಂಗಡಿಯವನು ಗುರುತಿನ ಚೀಟಿ ಕೇಳುತ್ತಾನೆ; ಬೀದಿಯಲ್ಲಿ ಮಾರುವವನಿಗೆ ಅದರ ಗೊಡವೆಯಿಲ್ಲ. ಹುಡುಗರ ಕೈಗೆ ಮಾಲು ಬರುವುದು ಹೆಚ್ಚಾಗಿ ಗೆಳೆಯರಿಂದ, ಮನೆಯ ಕಪಾಟಿನಿಂದ. ಅಂಗಡಿಗಳಿಂದ ಬರುವ ತೆರಿಗೆಯ ಒಂದು ಪಾಲು ಬೀಗವಿರುವ ಡಬ್ಬಿಗಳನ್ನು ಮನೆಮನೆಗೆ ಹಂಚಲು, ಶಾಲೆಗಳಿಗೆ ಆಪ್ತ ಸಮಾಲೋಚಕರನ್ನು ನೇಮಿಸಲು ಹೋಗಬೇಕು. ಪರವಾನಗಿಯ ಅರ್ಜಿ ತೆಗೆದುಕೊಳ್ಳುವ ಮೊದಲೇ ಆ ಪಾಲು ಎಷ್ಟೆಂದು ನಗರ ಬರೆದಿಡಬೇಕು.