ಪಠ್ಯಪುಸ್ತಕ ಮಗುವಿನದೇ ಆಗಿರಲಿ

ಶಾಲೆಯ ಮಗುವಿಗೆ ಪ್ರತಿ ವಿಷಯಕ್ಕೂ ಸ್ವಂತ ಪಠ್ಯಪುಸ್ತಕ ಇರಬೇಕೇ ಅಥವಾ ಪುಸ್ತಕ ಶಾಲೆಯ ಸ್ವತ್ತಾಗಿ ತರಗತಿಯಲ್ಲೇ ಉಳಿಯಬೇಕೇ ಎಂಬ ವಾದ ಭಾರತದಲ್ಲಿ ಮೂವತ್ತು ವರ್ಷಕ್ಕೂ ಹಳೆಯದು. ಮೈಸೂರಿನಲ್ಲಿ ನೆಲೆಸಿದ್ದ ಲೇಖಕ ಆರ್.ಕೆ. ನಾರಾಯಣ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ ಮಕ್ಕಳ ಬೆನ್ನು ಬಗ್ಗಿಸುವ ಪಾಟಿಚೀಲದ ಬಗ್ಗೆ ಸದನದಲ್ಲಿ ಮಾತಾಡಿದರು. ಆಗ ಎದ್ದ ಚರ್ಚೆ ಮುಂದುವರಿದು, 1992ರಲ್ಲಿ ಭೌತವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ರಚಿಸಿತು. 1993ರಲ್ಲಿ ಅದರ ವರದಿ ಬಂತು. ಪಠ್ಯಪುಸ್ತಕಗಳನ್ನು ಶಾಲೆಯ ಆಸ್ತಿಯೆಂದು ಪರಿಗಣಿಸಬೇಕು, ಮಕ್ಕಳು ಅವನ್ನು ಕೊಂಡು ದಿನವೂ ಮನೆಗೆ ಹೊತ್ತೊಯ್ಯುವಂತೆ ಆಗಬಾರದು ಎಂಬುದು ಅದರ ಶಿಫಾರಸುಗಳಲ್ಲೊಂದು.

ಚೀಲದ ತೂಕದ ಮಾತು ಬಂದಾಗಲೆಲ್ಲ ಈ ಶಿಫಾರಸನ್ನು ಎತ್ತಿ ಹಿಡಿಯುವವರಿದ್ದಾರೆ. ಅದೇ ವರದಿ ಒತ್ತಿ ಹೇಳಿದ ಇನ್ನೊಂದು ಸಂಗತಿಯನ್ನು ಮಾತ್ರ ಕೆಲವರೇ ನೆನೆಯುತ್ತಾರೆ: ಬೆನ್ನ ಮೇಲಿನ ಭಾರಕ್ಕಿಂತ, ಓದಿದ್ದು ಅರ್ಥವಾಗದೆ ಮನಸ್ಸಿನ ಮೇಲೆ ಕೂರುವ ಭಾರ ದೊಡ್ಡದು. ಈ ಎರಡನೆಯ ಭಾರ ಇಳಿಯಬೇಕಾದರೆ ಮಗು ಪಾಠಕ್ಕೆ ಮತ್ತೆ ಮತ್ತೆ ಮರಳಬೇಕು. ಅದಕ್ಕೆ ಪುಸ್ತಕ ಕೈಯಲ್ಲಿರಬೇಕು. ಆದ್ದರಿಂದ ಯಶಪಾಲ್ ಸಮಿತಿಯ ಮುಖ್ಯ ಆಶಯವನ್ನು ಒಪ್ಪಿಕೊಂಡೇ, ಪುಸ್ತಕದ ಒಡೆತನದ ಕುರಿತ ಅದರ ಸಲಹೆಯನ್ನು ತಿರಸ್ಕರಿಸಬೇಕಾಗಿದೆ.

ಒಡೆತನ ಬೇಡವೆನ್ನುವವರ ವಾದ ಹಗುರವಾದದ್ದಲ್ಲ. ಮಗುವಿನ ತೂಕದ ಶೇ 10ಕ್ಕಿಂತ ಚೀಲ ಭಾರವಿರಬಾರದು ಎಂದು 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಹೇಳಿದೆ. ಕರ್ನಾಟಕ ಸರ್ಕಾರ 2019ರಲ್ಲೇ ಮಿತಿ ಹಾಕಿತ್ತು: ಒಂದು ಮತ್ತು ಎರಡನೇ ತರಗತಿಗೆ 1.5ರಿಂದ 2 ಕಿಲೋ, ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು ಮತ್ತು ಹತ್ತಕ್ಕೆ 4ರಿಂದ 5 ಕಿಲೋ. ತಿಂಗಳ ಮೂರನೇ ಶನಿವಾರ ಚೀಲವಿಲ್ಲದ ದಿನ. ಇದೇ ಆದೇಶವನ್ನು 2023ರಲ್ಲಿ ಮತ್ತೊಮ್ಮೆ ಹೊರಡಿಸಬೇಕಾಯಿತು. ಶಾಲೆಗಳು ಮೊದಲನೆಯದನ್ನು ಎಷ್ಟರ ಮಟ್ಟಿಗೆ ಪಾಲಿಸಿದ್ದವು ಎಂಬುದು ಅದರಿಂದಲೇ ತಿಳಿಯುತ್ತದೆ.

ಆದರೆ ಚೀಲದಲ್ಲಿ ಇರುವುದು ಪಠ್ಯಪುಸ್ತಕ ಒಂದೇ ಅಲ್ಲ. ವಿಷಯಕ್ಕೊಂದು ಕ್ಲಾಸ್‌ವರ್ಕ್ ನೋಟ್‌ಬುಕ್, ಇನ್ನೊಂದು ಹೋಂವರ್ಕ್ ನೋಟ್‌ಬುಕ್, ಗಟ್ಟಿ ರಟ್ಟು, ನೀರಿನ ಬಾಟಲಿ, ಊಟದ ಡಬ್ಬಿ, ಗೈಡು, ಖಾಸಗಿ ಶಾಲೆಯಾದರೆ ಸಾಮಾನ್ಯ ಜ್ಞಾನಕ್ಕೊಂದು, ಕೈಬರಹಕ್ಕೊಂದು, ಕಂಪ್ಯೂಟರಿಗೊಂದು ಖಾಸಗಿ ಪ್ರಕಾಶಕರ ಪುಸ್ತಕ. ಶಾಲೆಯಲ್ಲೇ ಶುದ್ಧ ನೀರು ಸಿಕ್ಕರೆ ಬಾಟಲಿಯ ಭಾರ ಇಳಿಯುತ್ತದೆ, ಅದನ್ನು 2020ರ ನೀತಿಯೂ ಹೇಳಿದೆ. ಇಷ್ಟೆಲ್ಲ ಇರುವಾಗ ಕಡಿತಕ್ಕೆ ಮೊದಲು ಪಠ್ಯಪುಸ್ತಕದ ಮೇಲೆ ಕೈ ಹಾಕುವುದು ಅನ್ಯಾಯ. ಚೀಲದಲ್ಲಿ ನಿಜವಾಗಿ ಓದುವುದಕ್ಕೆಂದು ಇರುವ ವಸ್ತು ಅದೊಂದೇ.

ಸರ್ಕಾರಿ ಶಾಲೆಗೆ ಬರುವ ಬಹಳಷ್ಟು ಮಕ್ಕಳ ಮನೆಯಲ್ಲಿ ಕ್ಯಾಲೆಂಡರು, ಪಂಚಾಂಗ, ಮದುವೆಯ ಲಗ್ನಪತ್ರಿಕೆ ಬಿಟ್ಟರೆ ಅಚ್ಚಾದ ಕಾಗದವೆಂದರೆ ಮಗುವಿನ ಪಠ್ಯಪುಸ್ತಕವೇ. ಅಕ್ಕ ಓದಿದ ಕನ್ನಡ ಪುಸ್ತಕದ ಕಥೆಯನ್ನು ತಮ್ಮ ಮೊದಲೇ ಓದಿಕೊಂಡಿರುತ್ತಾನೆ. ಸಮಾಜ ವಿಜ್ಞಾನದ ನಕ್ಷೆಯಲ್ಲಿ ತಮ್ಮ ಜಿಲ್ಲೆ ಎಲ್ಲಿದೆ ಎಂದು ಮನೆಮಂದಿ ಹುಡುಕುತ್ತಾರೆ. ಸರ್ಕಾರಿ ಶಾಲೆಗಳ ಇಂಗ್ಲಿಷ್ ಮಾಧ್ಯಮ ವಿಭಾಗಗಳಿಗೆಂದು ಬಂದ ದ್ವಿಭಾಷಾ ಪುಸ್ತಕಗಳಲ್ಲಿ ಪಾಠ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಪುಟ ಹೆಚ್ಚಿ ಭಾರವಾಯಿತೆಂಬ ದೂರು ಸಹಜ. ಆದರೆ ಕನ್ನಡ ಮಾತ್ರ ಬಲ್ಲ ತಾಯಿಗೆ ಮಗಳ ಲೆಕ್ಕ ನೋಡಿಕೊಡುವ ದಾರಿ ತೆರೆದಿರುವುದು ಆ ಕನ್ನಡದ ಪುಟದಿಂದಲೇ. ಆ ಪುಸ್ತಕ ಶಾಲೆಯ ಬೀರುವಿನಲ್ಲಿ ಉಳಿದರೆ ತಾಯಿಯ ಪಾಲಿಗೆ ಅದು ಅಚ್ಚಾಗದಿದ್ದಂತೆಯೇ.

ಪುಸ್ತಕವಿಲ್ಲದ ಮನೆಯ ಮಗು ಶಿಕ್ಷಕರು ಹಲಗೆಯ ಮೇಲೆ ಬರೆದ ಪ್ರಶ್ನೋತ್ತರಕ್ಕೆ ಜೋತುಬೀಳುತ್ತದೆ. ಕಂಠಪಾಠ ಬೆಳೆಯುವುದು ಅಲ್ಲಿಂದ. ಒಂದೆರಡು ದಿನ ಜ್ವರದಲ್ಲಿ ಮಲಗಿದರೆ, ಸುಗ್ಗಿಯ ಕೆಲಸಕ್ಕೆ ಹೋದರೆ, ತಪ್ಪಿದ ಪಾಠವನ್ನು ತಾನಾಗಿ ಓದಿಕೊಳ್ಳುವ ಆಸರೆಯೂ ಇರುವುದಿಲ್ಲ. ಉಳ್ಳವರ ಮಕ್ಕಳು ಆ ಕೊರತೆಯನ್ನು ಟ್ಯೂಷನ್ನು, ಗೈಡುಗಳಿಂದ ತುಂಬಿಕೊಳ್ಳುತ್ತಾರೆ. ಎಲ್ಲರಿಗೂ ಸಮಾನವಾಗಿ ತರಗತಿಯಲ್ಲೇ ಪುಸ್ತಕ ಎಂಬ ಏರ್ಪಾಟು ನೋಡಲು ಸಮತೆಯಂತಿದ್ದರೂ ಸಂಜೆ ನಾಲ್ಕೂವರೆಯ ಗಂಟೆ ಹೊಡೆದ ಮೇಲೆ ಅಸಮತೆಯನ್ನೇ ಹೆಚ್ಚಿಸುತ್ತದೆ.

ಪಿಡಿಎಫ್ ಇದೆಯಲ್ಲ ಎಂಬ ಉತ್ತರವೂ ಸಾಲದು. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವುದು ಒಳ್ಳೆಯ ಕೆಲಸ. ಆದರೆ ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುವಾಗ, ಮೂರು ಮಕ್ಕಳು ಯಾವ ಪರದೆಯಲ್ಲಿ ಓದಬೇಕು? ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಈ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ಹಿಂದೆ ಬಿದ್ದ ಮಕ್ಕಳನ್ನು ಮೇಲೆತ್ತಲು 2022-23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ನಡೆಸಿದಾಗ ರಾಜ್ಯ ಮೊರೆಹೋದದ್ದು ಅಚ್ಚಾದ ಕಲಿಕಾ ಹಾಳೆಗಳಿಗೇ.

ಪಠ್ಯಪುಸ್ತಕದ ಹಂಗಿಲ್ಲದ ಕಲಿಕೆಗೆ ಕರ್ನಾಟಕದ್ದೇ ಉದಾಹರಣೆಯೊಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ, ಆಂಧ್ರದ ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ಪುಟ್ಟ ಮಕ್ಕಳಿಗೆ ಪುಸ್ತಕದ ಬದಲು ಕಲಿಕಾ ಕಾರ್ಡು, ಹಾಡು, ಆಟ ಕೊಟ್ಟಿತು. ಪ್ರತಿ ಮಗು ತನ್ನ ವೇಗದಲ್ಲಿ ಏಣಿ ಏರುವ ಆ ಪದ್ಧತಿ ದೊಡ್ಡ ಸಾಧನೆ, ಅದನ್ನು ಹಗುರ ಮಾಡುವ ಮಾತೇ ಇಲ್ಲ. ಆದರೆ ಕಾರ್ಡುಗಳು ಶಾಲೆಯ ತಟ್ಟೆಗಳಲ್ಲೇ ಉಳಿಯುತ್ತವೆ. ಬರೀ ಕಾರ್ಡಾದರೆ ಮಗು ಏನು ಕಲಿಯಿತೆಂದು ಮನೆಯವರಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ನಲಿಕಲಿಗೂ ಅಭ್ಯಾಸ ಪುಸ್ತಕ ಸೇರಿದ್ದು ಸರಿಯಾಗಿಯೇ ಇದೆ. ಒಂದರಿಂದ ಮೂರನೇ ತರಗತಿಗೆ ಒಪ್ಪುವ ಕ್ರಮವನ್ನು ಎಂಟನೇ ತರಗತಿಯ ವಿಜ್ಞಾನಕ್ಕೆ ಹೊಂದಿಸಿ ಪುಸ್ತಕವೇ ಬೇಡವೆನ್ನುವುದಂತೂ ನಲಿಕಲಿಯ ಹೆಸರಿಗೇ ಮಾಡುವ ಅಪಚಾರ.

ಭಾರ ಇಳಿಸುವ ಇನ್ನೊಂದು ದಾರಿ, ವಿಷಯಕ್ಕೊಂದು ಪುಸ್ತಕದ ಬದಲು ಎಲ್ಲ ವಿಷಯಗಳನ್ನು ಸೇರಿಸಿ ಅವಧಿಗೊಂದು ಸಂಪುಟ ಮಾಡುವುದು. ತಮಿಳುನಾಡು 2012-13ರಲ್ಲಿ ಎಂಟನೇ ತರಗತಿವರೆಗೆ ವರ್ಷವನ್ನು ಮೂರು ಅವಧಿಗಳಾಗಿ ವಿಂಗಡಿಸಿ, ಭಾಷೆಗಳನ್ನು ಒಂದು ಸಂಪುಟಕ್ಕೂ ಉಳಿದ ವಿಷಯಗಳನ್ನು ಇನ್ನೊಂದಕ್ಕೂ ಸೇರಿಸಿತು. ಮಹಾರಾಷ್ಟ್ರ 2023ರಲ್ಲಿ ಎರಡರಿಂದ ಎಂಟನೇ ತರಗತಿಯ ಪುಸ್ತಕಗಳನ್ನು ನಾಲ್ಕು ಭಾಗ ಮಾಡಿ, ನೋಟ್‌ಬುಕ್ ಹೊರುವುದು ತಪ್ಪಲೆಂದು ಪಾಠಗಳ ಜೊತೆಗೇ ಖಾಲಿ ಹಾಳೆ ಹೊಲಿಸಿತು. ಆ ರಾಜ್ಯದ ಬಾಲಭಾರತಿ ಸಂಸ್ಥೆ ಗಡಿಭಾಗದ ಕನ್ನಡ ಶಾಲೆಗಳಿಗೂ ಪುಸ್ತಕ ಅಚ್ಚು ಹಾಕುವುದರಿಂದ ಸೊಲ್ಲಾಪುರ, ಜತ್ತ ಕಡೆಯ ಕನ್ನಡಿಗರಿಗೂ ಇದು ಹೊರಗಿನ ಸುದ್ದಿಯಲ್ಲ. ಆದರೆ ಅಲ್ಲಿ ಮಕ್ಕಳು ಖಾಲಿ ಹಾಳೆಯ ಜೊತೆ ನೋಟ್‌ಬುಕ್ಕನ್ನೂ ಹೊತ್ತರು. 2025ರಲ್ಲಿ ಸರ್ಕಾರ ಖಾಲಿ ಹಾಳೆಗಳನ್ನು ಕೈಬಿಟ್ಟಿತು. ಭಾಗ ಮಾಡುವುದರಲ್ಲಿ ತಪ್ಪಿಲ್ಲ, ಕರ್ನಾಟಕವೂ ಭಾಗ 1, ಭಾಗ 2 ಎಂದು ಪುಸ್ತಕ ಒಡೆಯುವ ದಾರಿ ಹಿಡಿದಿದೆ. ಆದರೆ ಎಲ್ಲ ವಿಷಯ ಬೆರೆಸಿದ ಸಂಪುಟದಲ್ಲಿ ಗಣಿತ ಬೇಕಾದ ದಿನ ಇತಿಹಾಸವನ್ನೂ ಹೊರಬೇಕು, ಒಂದು ಸಂಪುಟ ಕಳೆದರೆ ಎಲ್ಲ ವಿಷಯವೂ ಹೋಗುತ್ತದೆ. ವಿಷಯಕ್ಕೊಂದು ತೆಳು ಪುಸ್ತಕ, ವರ್ಷಕ್ಕೆ ಎರಡು ಭಾಗ: ಇದೇ ಉತ್ತಮ.

ಭಾರಕ್ಕೆ ನಿಜವಾದ ಪರಿಹಾರ ಎರಡನೇ ಪ್ರತಿ. ಹೊಸ ಪುಸ್ತಕ ಮಗುವಿನ ಮನೆಯಲ್ಲಿರಲಿ, ಹಿಂದಿನ ವರ್ಷದ ಪುಸ್ತಕ ತರಗತಿಯಲ್ಲಿರಲಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದಾಗ ಮಕ್ಕಳು ಇಷ್ಟಪಟ್ಟು ಮರಳಿಸುವ ಪುಸ್ತಕಗಳಿಗೆ ರಟ್ಟು ಹಾಕಿ ಬೀರುವಿನಲ್ಲಿಟ್ಟರೆ ಇಬ್ಬರಿಗೊಂದರಂತೆ ತರಗತಿಯ ಸೆಟ್ಟು ಸಿದ್ಧವಾಗುತ್ತದೆ. ಹೊಸ ಅಚ್ಚಿನ ಖರ್ಚಿಲ್ಲ, ಮಗು ಹೊರಬೇಕಾದದ್ದು ನೋಟ್‌ಬುಕ್ ಮಾತ್ರ. ಪುಸ್ತಕ ಭಂಡಾರ ಎಂಬ ಹೆಸರಿನಲ್ಲಿ ಹಳೆಯ ಪುಸ್ತಕ ಕೂಡಿಡುವ ಕ್ರಮ ಹಲವು ಶಾಲೆಗಳಿಗೆ ಹೊಸದೇನಲ್ಲ. ಅದನ್ನು ಹೊಸ ಪುಸ್ತಕದ ಬದಲಿಯಾಗಿ ಬಳಸುವುದು ತಪ್ಪು, ಜೊತೆಗೆ ಬಳಸುವುದು ಸರಿ.

ಈ ಏರ್ಪಾಟನ್ನು ಕೆಡಿಸುವುದು ಪಠ್ಯದ ರಾಜಕೀಯ. 2022ರಲ್ಲಿ ಪರಿಷ್ಕೃತ ಪುಸ್ತಕಗಳ ಸುತ್ತ ಎದ್ದ ವಿವಾದ ನಾಡಿಗೆಲ್ಲ ಗೊತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅಚ್ಚಾಗಿದ್ದ ಪುಸ್ತಕದಿಂದ ಕೆಲವು ಪಾಠ ಕೈಬಿಟ್ಟು, ಸೇರ್ಪಡೆಗಳಿಗೆ ಪೂರಕ ಪುಸ್ತಿಕೆ ಕೊಡಲಾಯಿತು. ಯಾರ ಪಾಠ ಸರಿ ಎಂಬ ಜಗಳ ಏನೇ ಇರಲಿ, ವರ್ಷ ವರ್ಷ ಪಾಠ ಬದಲಾದರೆ ಅಕ್ಕನ ಪುಸ್ತಕ ತಮ್ಮನಿಗೆ ಬಾರದು, ತರಗತಿಯ ಸೆಟ್ಟೂ ರದ್ದಿಗೆ ಹೋಗುತ್ತದೆ. ಕನಿಷ್ಠ ಐದು ವರ್ಷ ಪಠ್ಯ ಸ್ಥಿರವಾಗಿರಬೇಕು.

ಮೇ ಕೊನೆಗೆ ಶಾಲೆ ತೆರೆಯುವ ದಿನವೇ ಎಲ್ಲ ವಿಷಯಗಳ ಪುಸ್ತಕ ಮಗುವಿನ ಕೈ ಸೇರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಗೋದಾಮಿಗೆ ಬಂಡಲು ಬಂದಿದೆ ಎಂಬುದು ಆ ಮಗುವಿಗೆ ಉತ್ತರವಲ್ಲ. ಉಚಿತ ಪುಸ್ತಕ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಸರ್ಕಾರ ಮಾಡುವ ಉಪಕಾರವಲ್ಲ, ಕಡ್ಡಾಯ ಶಿಕ್ಷಣದ ಹಕ್ಕಿನ ಭಾಗ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಜೂನ್ ಮೊದಲ ಸಭೆಯಲ್ಲೇ ಯಾವ ತರಗತಿಗೆ ಯಾವ ಪುಸ್ತಕ ಬಂದಿಲ್ಲವೆಂದು ಪಟ್ಟಿ ಮಾಡಿ, ಬಿಇಒಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಲಿ.