ಟ್ರಂಕಿನಲ್ಲಿ ಉಳಿದ ಎರಡು ವರ್ಷ

"ಹದಿನಾರು ವರ್ಷದ ಹುಡುಗಿ ಡಿಗ್ರಿ ಪಾಠಕ್ಕೆ ಹೋಗುತ್ತಾಳಂತಾ? ಅಷ್ಟೇನು ಅವಸರ?" ಅಮೆರಿಕದ ಮಿನೆಸೋಟದಲ್ಲಿರುವ ನನ್ನ ಮೊಮ್ಮಗಳ ಸುದ್ದಿ ಕೇಳಿ ನನ್ನ ಓರಗಿತ್ತಿ ಮೂಗಿನ ಮೇಲೆ ಬೆರಳಿಟ್ಟರು.

ಅವಸರ! ನನಗೆ ಸಿಟ್ಟೇ ಬಂತು. 1980ರಲ್ಲಿ, ಬಿ.ಎ. ಕೊನೆಯ ವರ್ಷಕ್ಕೆ ಕಾಲಿಟ್ಟಿದ್ದ ನನ್ನನ್ನು ಹಸೆಮಣೆ ಹತ್ತಿಸಿದಾಗ ಈ ಮಾತನ್ನು ಯಾರೂ ಎತ್ತಲಿಲ್ಲ. ಪಾಸಾದ ಎರಡು ವರ್ಷದ ಅಂಕಪಟ್ಟಿಗಳು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ನುಸಿಗುಳಿಗೆಯ ವಾಸನೆ ಹಿಡಿದು ಕೂತಿವೆ. ಜನಗಣತಿಯವರು ಬಂದಾಗ "ಡಿಗ್ರಿ ಮುಗಿದಿಲ್ಲವಲ್ಲ" ಎಂದು ಪಿ.ಯು.ಸಿ. ಅಂತಲೇ ಬರೆದುಕೊಂಡು ಹೋದರು.

ಅಲ್ಲಿ ಹನ್ನೆರಡನೇ ತರಗತಿಯವರೆಗೂ ಶಾಲೆ. ನಮ್ಮ ಪಿ.ಯು. ಮಕ್ಕಳ ವಯಸ್ಸಿನವರು ಅಲ್ಲಿ ಇನ್ನೂ ಹೈಸ್ಕೂಲಿನವರೇ. ಆದರೆ ಮಿನೆಸೋಟ ರಾಜ್ಯ 1985ರಲ್ಲೇ ಒಂದು ಕಾನೂನು ಮಾಡಿತು. ಹನ್ನೊಂದು, ಹನ್ನೆರಡರ ಮಕ್ಕಳನ್ನು ಕಾಲೇಜು ಸೇರಿಸಿಕೊಂಡರೆ ಅವರು ಅಲ್ಲೇ ಹೋಗಿ ಕಲಿಯಬಹುದು. ಶುಲ್ಕವೂ ಪುಸ್ತಕವೂ ಮನೆಯವರ ಮೇಲೆ ಬೀಳುವುದಿಲ್ಲ. ಓದಿದ್ದು ಹೈಸ್ಕೂಲಿಗೂ ಜಮೆ, ಕಾಲೇಜಿಗೂ ಜಮೆ. ಮುಂದೆ ಬೇರೆ ಕಾಲೇಜು ಸೇರಿದರೆ ಆ ಕ್ರೆಡಿಟ್ಟನ್ನು ಒಪ್ಪುತ್ತಾರೋ ಇಲ್ಲವೋ ಕೇಳಿಕೊಳ್ಳಬೇಕು, ಅಷ್ಟೆ. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ನಲವತ್ತು ದಾಟಿದ ಹೆಂಗಸೊಬ್ಬಳು ಮಗುವಿನ ತಿಂಡಿಡಬ್ಬಿ ಹಿಡಿದುಕೊಂಡೇ ಓಡಿ ಬಂದಳು. "ಅಜ್ಜಿ, ಇವರು ನನ್ನ ಕ್ಲಾಸಿನವರು" ಎಂದಳು ಮೊಮ್ಮಗಳು. ನನ್ನ ಕಣ್ಣು ಅವಳ ಮೇಲೇ ನೆಟ್ಟಿತು.

ಎ.ಪಿ. ಎಂಬ ಇನ್ನೊಂದು ದಾರಿಯೂ ಇದೆ. ಶಾಲೆಯಲ್ಲೇ ಕಾಲೇಜುಮಟ್ಟದ ಪಾಠ ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೆಯುವುದು, ಐದಕ್ಕೆ ಇಷ್ಟು ಎಂದು ಅಂಕ. ಅದರ ಮೇಲೆ ನನಗೆ ಅಷ್ಟು ಅಕ್ಕರೆಯಿಲ್ಲ. ಪರೀಕ್ಷೆಯೊಂದಕ್ಕೆ ನೂರು ಡಾಲರಿನಷ್ಟು ಬೇಕು. ಅಲ್ಲಿನ ನಮ್ಮವರ ಕೂಟದಲ್ಲಿ "ನಿಮ್ಮ ಮಗಂದು ಎಷ್ಟು ಎ.ಪಿ.?" ಎಂದು ಕೇಳುವ ವರಸೆ, ಬಳೆ ಎಷ್ಟು ತೊಲ ಎಂದು ಕೇಳಿದ ಹಾಗೇ ಇರುತ್ತದೆ.

ಹದಿನಾರರವಳಿಗೆ ಡಿಗ್ರಿ ಪಾಠ ಭಾರವಾಗುತ್ತದೆ ಎನ್ನುವವರೇ, ಅದೇ ಹುಡುಗಿಗೆ ಹಬ್ಬದ ದಿನ ಹತ್ತು ಜನರ ಅಡುಗೆ ಒಪ್ಪಿಸುವಾಗ ಭಾರದ ಲೆಕ್ಕ ಎಲ್ಲಿ ಹೋಗುತ್ತದೆ? ಎಲ್ಲರೂ ಓದಲಿ ಎಂದು ನಾನು ಹೇಳುತ್ತಿಲ್ಲ. ಬೇಕೆನ್ನುವವಳಿಗೆ ಬಾಗಿಲು ತೆಗೆಯಿರಿ, ಅವಳು ಓದಿದ್ದನ್ನು ಓದಿದ್ದೆಂದು ಬರೆದಿಡಿ.

ನಮ್ಮಲ್ಲೂ 2021ರಲ್ಲಿ ಡಿಗ್ರಿಯ ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ ಎಂಬ ಏರ್ಪಾಡು ಬಂದಿತ್ತು. 2024ರಲ್ಲಿ ರಾಜ್ಯ ಮತ್ತೆ ಹಳೆಯ ಮೂರು ವರ್ಷದ ಡಿಗ್ರಿಗೆ ತಿರುಗಿತು. ನಾಲ್ಕು ವರ್ಷವೋ ಮೂರೋ ಎಂದು ದೊಡ್ಡವರು ಜಗಳವಾಡಿದರು. ನಡುವೆ ಬಿಟ್ಟುಹೋಗುವವಳ ಮಾತು ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ.

ನಮ್ಮೂರಿನಲ್ಲಿ ಪಿ.ಯು. ಕಾಲೇಜು, ಡಿಗ್ರಿ ಕಾಲೇಜು ಒಂದೇ ಕಾಂಪೌಂಡಿನಲ್ಲಿವೆ, ನಡುವೆ ಒಂದು ಗೋಡೆ. ಓರಗಿತ್ತಿಯ ಮೊಮ್ಮಗಳು ಈ ಕಡೆ ಓದುತ್ತಾಳೆ. ಕನ್ನಡವನ್ನೋ ಇತಿಹಾಸವನ್ನೋ ಅವಳು ಆ ಕಡೆ ಕೂತು ಕಲಿತು, ಪರೀಕ್ಷೆ ಬರೆದು, ಅದನ್ನು ತನ್ನ ಹೆಸರಿಗೆ ಜಮೆ ಮಾಡಿಸಿಕೊಂಡರೆ ಯಾರ ಗಂಟು ಹೋಗುತ್ತದೆ, ಹೇಳಿ? ಓರಗಿತ್ತಿಯವರನ್ನು ಇದನ್ನೇ ಕೇಳಿದೆ. "ಅವಳಿಗೆ ಒಳ್ಳೆಯ ಕಡೆಯಿಂದ ಒಂದು ಜಾತಕ ಬಂದಿದೆ" ಎಂದರು.