‘ಅತ್ತ ಹೋಗು’ ಎಂದರೆ ಸಾಲದು

ಬೀಳಗಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಸಂಸ್ಥೆಯೊಂದಕ್ಕೆ ಅಂಕಪಟ್ಟಿ ತೋರಿಸುವ ವೆಬ್ ಪುಟವನ್ನು ಪಿಎಚ್‌ಪಿ ಭಾಷೆಯಲ್ಲಿ ಬರೆದುಕೊಟ್ಟಿದ್ದನಂತೆ. ‘ಸರ್, ಪಾಸ್‌ವರ್ಡ್ ಕೊಡದವರನ್ನ ಲಾಗಿನ್ ಪುಟಕ್ಕ ಕಳಸೇನ್ರಿ. ಆದ್ರೂ ಯಾರೋ ಎಲ್ಲಾರ ಅಂಕ ನೋಡ್ಯಾರ. ಹೆಂಗಂತ ತಿಳೀವಲ್ದು’ ಎಂದ.

ಪರೀಕ್ಷಾ ಕೊಠಡಿಯನ್ನು ನೆನಪಿಸಿಕೊಳ್ಳಿ. ಹಾಲ್ ಟಿಕೆಟ್ ಇಲ್ಲದ ಹುಡುಗನಿಗೆ ‘ಹೆಡ್‌ಮಾಸ್ತರರ ಕಡೆ ಹೋಗು’ ಎನ್ನುತ್ತಲೇ ಮೇಲ್ವಿಚಾರಕರು ಅವನ ಕೈಗೆ ಪ್ರಶ್ನೆಪತ್ರಿಕೆಯನ್ನೂ ಕೊಟ್ಟರೆ ಏನಾದೀತು? ಇಲ್ಲಿ ಆದದ್ದೂ ಅದೇ.

1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬಾತ ತನ್ನ ಸ್ವಂತ ಪುಟಕ್ಕಾಗಿ ಬರೆದುಕೊಂಡ ಪುಟ್ಟ ಉಪಕರಣಗಳಿಂದ ಬೆಳೆದ ಭಾಷೆ ಪಿಎಚ್‌ಪಿ. ಅದರಲ್ಲಿ ‘ಹೆಡರ್’ ಆಜ್ಞೆಯ ಮೂಲಕ ‘ಲಾಗಿನ್ ಪುಟಕ್ಕೆ ಹೋಗು’ ಎಂದಾಗ ಸರ್ವರ್ 302 ಎಂಬ ಸಂಕೇತದೊಡನೆ ಹೊಸ ವಿಳಾಸವನ್ನು ಕಳಿಸುತ್ತದೆ, ಅಷ್ಟೇ. ಸರ್ವರಿನಲ್ಲಿ ಕೆಳಗಿನ ಸಾಲುಗಳು ನಿಲ್ಲದೆ ಓಡುತ್ತವೆ. ಅಂಕಪಟ್ಟಿಯೂ ಅದೇ ಉತ್ತರದ ಬೆನ್ನಿಗೇ ಹೊರಡುತ್ತದೆ. ಬ್ರೌಸರ್ ವಿಧೇಯ ಹುಡುಗನಂತೆ ಹೊಸ ಪುಟಕ್ಕೆ ಹೋಗುವುದರಿಂದ ನಮ್ಮ ಕಣ್ಣಿಗೆ ಅದು ಬೀಳುವುದಿಲ್ಲ. ಆದರೆ ಹೊಸ ವಿಳಾಸಕ್ಕೆ ಹೋಗದೆ, ಬಂದ ಉತ್ತರವನ್ನೇ ತೋರಿಸುವ ‘ಕರ್ಲ್’‌ನಂಥ ಉಪಕರಣಗಳೂ ಇವೆಯಲ್ಲ! ಕೆಳಗಿನ ಸಾಲು ಅಂಕ ತೋರಿಸುವ ಬದಲು ಅಳಿಸುವಂಥದ್ದಾಗಿದ್ದರೆ ಅಂಕಗಳೇ ಅಳಿಸಿಹೋಗುತ್ತಿದ್ದವು.

ಮದ್ದು ಒಂದೇ ಪದ: ‘ಎಕ್ಸಿಟ್’. ಹೆಡರ್ ಸಾಲಿನ ಕೆಳಗೆ ಅದನ್ನು ಬರೆದರೆ ಓಟ ಅಲ್ಲಿಗೇ ಮುಗಿಯಿತು. ‘ಡೈ’ ಎಂಬುದೂ ಇದರದೇ ಇನ್ನೊಂದು ಹೆಸರು.

ಹುಡುಗ ಹಾಗೇ ಬರೆಯಲಿಲ್ಲ. ತಪಾಸಣೆಯ ಭಾಗವನ್ನು ಬೇರೆ ಕಡತಕ್ಕೆ ಸಾಗಿಸಿ, ಎಕ್ಸಿಟ್ ಬದಲು ‘ರಿಟರ್ನ್’ ಎಂದು ಬರೆದ. ಸೋರುವುದು ನಿಲ್ಲಲಿಲ್ಲ. ಏಕೆಂದರೆ ಹೀಗೆ ಸೇರಿಸಿಕೊಂಡ ಕಡತದಲ್ಲಿ ರಿಟರ್ನ್ ಎಂದರೆ ಆ ಕಡತವಷ್ಟೇ ಮುಗಿಯುತ್ತದೆ. ಓಟ ಮೂಲ ಪುಟಕ್ಕೆ ಮರಳಿ ಮುಂದುವರಿಯುತ್ತದೆ. ಒಂದು ತರಗತಿಯ ಪಾಠ ಮುಗಿಯುವುದೇ ಬೇರೆ, ಶಾಲೆಯ ಕೊನೆಯ ಗಂಟೆಯೇ ಬೇರೆ.

ಕೊನೆಯ ಗಂಟೆ ಹೊಡೆದ ಮೇಲೂ ಜವಾನ ಬಾಗಿಲುಗಳಿಗೆ ಬೀಗ ಹಾಕುತ್ತಾನಲ್ಲವೆ? ಎಕ್ಸಿಟ್ ಎಂದ ಬಳಿಕವೂ ಮೊದಲೇ ನೋಂದಾಯಿಸಿಟ್ಟ ಮುಕ್ತಾಯದ ಕೆಲಸಗಳು ನಡೆಯುತ್ತವೆ. ಆದರೆ ‘ಫೈನಲಿ’ ಭಾಗದಲ್ಲಿ ಬರೆದಿಟ್ಟದ್ದು ನಡೆಯುವುದಿಲ್ಲ. ಇದು ನೆನಪಿರಲಿ.

ಹುಡುಗ ಕೊನೆಗೂ ಆ ಒಂದು ಪದ ಸೇರಿಸಿದ. ನಾನು ಅವನಿಗೆ ಹೇಳಿದ್ದಿಷ್ಟೇ: ‘ತಮ್ಮಾ, ನಿನ್ನ ಕಣ್ಣಿಗೆ ಕಾಣಲಿಲ್ಲ ಅಂದಮಾತ್ರಕ್ಕ ಅದು ಹೊರಗ ಹೋಗಿಲ್ಲ ಅಂತ ತಿಳೀಬ್ಯಾಡ.’ ಮಕ್ಕಳ ಅಂಕ ಮಕ್ಕಳ ಮಾನದ ಮಾತು. ಅದನ್ನು ಕಾಯುವವನು ದಾರಿ ತೋರಿಸಿದರೆ ಸಾಲದು, ಬಾಗಿಲನ್ನೂ ಹಾಕಬೇಕು.